ಗೊರಕೆಗೆ ಹಲ್ಲಿನ ಡಾಕ್ಟರು ಏನು ಮಾಡಬಲ್ಲರು?

ಗೊರಕೆಗೆ ಹಲ್ಲಿನ ಡಾಕ್ಟರನ್ನು ಕಾಣಿ ಎಂದರೆ ಕುಂದಾಪುರದ ಕಡೆ ಯಾರಿಗಾದರೂ ನಗು ಬಂದೀತು. ಹಲ್ಲುನೋವಿಗೆ, ಹುಳುಕಿಗೆ, ಸೆಟ್ ಹಲ್ಲಿಗೆ ಅವರು. ನಿದ್ದೆಗೂ ಅವರಿಗೂ ಏನು ಸಂಬಂಧ ಎಂದು ಕೇಳುವುದು ಸಹಜವೇ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ, ಬಹುಪಾಲು ರೋಗಿಗಳಲ್ಲಿ ಶ್ವಾಸಕೋಶದಲ್ಲಿ ಹುಟ್ಟುವುದಿಲ್ಲ. ನಾಲಿಗೆ, ಕೆಳದವಡೆ, ಕಿರುನಾಲಿಗೆ, ಗಂಟಲಿನ ಗೋಡೆ ಇವುಗಳ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟುತ್ತದೆ. ಆ ಜಾಗಕ್ಕೆ ಬೆಳಕು ಬಿಟ್ಟು ದಿನಕ್ಕೆ ಹತ್ತಾರು ಸಲ ನೋಡುವವರು ದಂತ ವೈದ್ಯರು. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ತಾಲೂಕುಗಳಲ್ಲಿ ಈ ಕಾಯಿಲೆಯನ್ನು ಮೊದಲು ಅನುಮಾನಿಸಬೇಕಾದವರು ಅವರು. ಗಂಟಲನ್ನು ಗಾಳಿಯಿಂದ ತೆರೆದಿಡುವ ಯಂತ್ರದ ಚಿಕಿತ್ಸೆ ಒಗ್ಗದವರಿಗೆ ಎರಡನೇ ದಾರಿ ಮಾಡಿಕೊಡಬೇಕಾದವರೂ ಅವರು. ರೋಗ ಇದೆಯೋ ಇಲ್ಲವೋ ಎಂಬ ತೀರ್ಮಾನ ಮಾತ್ರ ಅವರದಲ್ಲ. ಈ ಮೂರನ್ನೂ ಒಟ್ಟಿಗೆ ಹೇಳದೆ ಒಂದನ್ನೇ ಹೇಳಿದರೆ ರೋಗಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೊದಲು ಕಾಯಿಲೆಯ ವಿಷಯ. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದ ಮೇಲೆ ಅವು ಸಡಿಲಗೊಳ್ಳುತ್ತವೆ. ದಾರಿ ಅಗಲವಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಕಿರಿದಾಗಿದ್ದವರಿಗೆ, ಅದರಲ್ಲೂ ಅಂಗಾತ ಮಲಗಿದಾಗ, ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ. ಒದ್ದೆ ತೊಟ್ಟೆಯೊಳಗಿನ ಗಾಳಿಯನ್ನು ಬಾಯಿಂದ ಎಳೆದರೆ ಅದರ ಎರಡು ಪದರ ಅಂಟಿಕೊಳ್ಳುವ ಹಾಗೆ ಗಂಟಲಿನ ಗೋಡೆಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ದಾರಿ ಅರೆಬರೆ ಮುಚ್ಚಿದಾಗ ಕೇಳುವುದು ಗೊರಕೆ. ಪೂರ್ತಿ ಮುಚ್ಚಿದಾಗ ಏನೂ ಕೇಳುವುದಿಲ್ಲ, ಗಮನಿಸಬೇಕಾದದ್ದು ಆ ಮೌನವನ್ನೇ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕೊನೆಗೆ ಮೆದುಳು ಗಾಬರಿಯಾಗಿ ಅರೆ ಎಚ್ಚರಗೊಳಿಸುತ್ತದೆ. ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಮಲಗಿದವನಿಗೆ ಅದರ ನೆನಪೇ ಇರುವುದಿಲ್ಲ. ಹತ್ತು ಸೆಕೆಂಡಿಗಿಂತ ಹೆಚ್ಚು ಉಸಿರು ನಿಂತರೆ ಅಥವಾ ತೀರಾ ಕುಗ್ಗಿದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ ಸರಾಸರಿ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ. ಹೀಗೆ ಮಲಗಿ ಎದ್ದವನು ಎಂಟು ಗಂಟೆ ಮಲಗಿದ್ದರೂ ಬೆಳಿಗ್ಗೆ ತಲೆಭಾರ, ಒಣಗಿದ ಬಾಯಿ ಇಟ್ಟುಕೊಂಡು ಏಳುತ್ತಾನೆ. ಮಧ್ಯಾಹ್ನ ಊಟವಾದದ್ದೇ ತೂಕಡಿಸುತ್ತಾನೆ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ಗೊರಕೆ ಹೊಡೆಯುವವನಿಗೆ ಗಡದ್ದು ನಿದ್ದೆ, ಅವನಿಗೇನು ಕಾಯಿಲೆ? ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ ಎಂಬುದು ನಿಜ. ಆದರೆ ಈ ಕಾಯಿಲೆ ಅಪರೂಪದ್ದೂ ಅಲ್ಲ. ದಿಲ್ಲಿಯ ಏಮ್ಸ್ ವೈದ್ಯರು ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು 11 ಶೇಕಡಾ ಮಂದಿಗೆ ಇದು ಇದೆ. ಗಂಡಸರಲ್ಲಿ 13, ಹೆಂಗಸರಲ್ಲಿ 5 ಶೇಕಡಾ. ತಲೆ ಲೆಕ್ಕದಲ್ಲಿ ಹತ್ತು ಕೋಟಿಗೂ ಮೇಲೆ. ಇದರ ಪರಿಣಾಮ ತೂಕಡಿಕೆಗೆ ನಿಲ್ಲುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದ 2000ನೇ ಇಸವಿಯ ವರದಿಯಲ್ಲಿ, ಗಂಟೆಗೆ 15 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರು ತಡೆದವರಿಗೆ ನಾಲ್ಕು ವರ್ಷದೊಳಗೆ ಬಿಪಿ ಬರುವ ಸಂಭವ ಒಮ್ಮೆಯೂ ಉಸಿರು ತಡೆಯದವರಿಗಿಂತ ಸುಮಾರು ಮೂರು ಪಟ್ಟಿನಷ್ಟು ಎಂದು ಕಂಡುಬಂತು. ಎರಡು ಮೂರು ಮಾತ್ರೆ ತಿಂದರೂ ಇಳಿಯದ ಬಿಪಿ, ಹೃದಯದ ಬಡಿತ ತಾಳ ತಪ್ಪುವುದು, ಪಾರ್ಶ್ವವಾಯು, ಶುಗರ್ ಇವುಗಳ ಜೊತೆ ಈ ಕಾಯಿಲೆಯ ನಂಟನ್ನು ಅನಂತರದ ಅಧ್ಯಯನಗಳೂ ಗುರುತಿಸಿವೆ. ಮೂರೂ ತಾಲೂಕಿನ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಸುಕಿನಲ್ಲಿ ಮೀನಿನ ಲಾರಿ, ರಾತ್ರಿ ಬಸ್ಸು ಓಡಿಸುವವರಿಗೆ ಒಂದು ಕ್ಷಣದ ತೂಕಡಿಕೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ದಪ್ಪಗಿರುವವರಿಗೆ ಮಾತ್ರ ಇದು ಬರುತ್ತದೆ ಎಂಬುದು ಇನ್ನೊಂದು ನಂಬಿಕೆ. ಕೊಬ್ಬು ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಕುತ್ತಿಗೆಯ ಸುತ್ತಳತೆ ಗಂಡಸರಲ್ಲಿ 17 ಇಂಚು, ಹೆಂಗಸರಲ್ಲಿ 16 ಇಂಚು ದಾಟಿದರೆ ಅನುಮಾನ ಪಡಬೇಕು. ಆದರೆ ಏಷ್ಯಾದ ಜನರಲ್ಲಿ ಪಾಶ್ಚಾತ್ಯರಿಗಿಂತ ಕಡಿಮೆ ತೂಕಕ್ಕೇ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಂದು ಕಾರಣ ಮುಖದ ಮೂಳೆಗಳ ರಚನೆ. ಕೆಳದವಡೆ ಗಿಡ್ಡವಾಗಿ ಹಿಂದಕ್ಕೆ ಕೂತಿದ್ದರೆ, ಅಂಗುಳ ಕಿರಿದಾಗಿ ಕಮಾನಿನಂತೆ ಮೇಲಕ್ಕೆದ್ದಿದ್ದರೆ ನಾಲಿಗೆಗೆ ಬಾಯಿಯೊಳಗೆ ಜಾಗ ಸಾಲದು. ಅದು ಗಂಟಲಿನತ್ತ ಜಾರುತ್ತದೆ. ಬಡಕಲು ದೇಹದವನಿಗೂ ಕಾಯಿಲೆ ಬರುವುದು ಹೀಗೆ. ಅಂಥವನನ್ನು ತೂಕದ ಯಂತ್ರ ಹಿಡಿದುಕೊಡದು, ಅವನ ದವಡೆ ಹಿಡಿದುಕೊಡುತ್ತದೆ. ಹೆಂಗಸರ ವಿಷಯ ಇನ್ನೂ ಸೂಕ್ಷ್ಮ. ಮುಟ್ಟು ನಿಂತ ಮೇಲೆ ಅವರಲ್ಲಿ ಈ ಕಾಯಿಲೆ ಹೆಚ್ಚುತ್ತದೆ. ಆದರೆ ಅವರು ಹೇಳಿಕೊಳ್ಳುವುದು ಗೊರಕೆಯನ್ನಲ್ಲ, ನಿದ್ದೆ ಬಾರದ್ದನ್ನು, ಸುಸ್ತನ್ನು, ತಲೆನೋವನ್ನು. ಮೇಲಾಗಿ ಉಸಿರು ಕಟ್ಟಿದ್ದನ್ನು ನೋಡಿ ಹೇಳಲು ಪಕ್ಕದಲ್ಲಿ ಒಬ್ಬರು ಮಲಗಿರಬೇಕಷ್ಟೆ? ಗಂಡ ಬೆಂಗಳೂರು, ಮುಂಬಯಿಯ ಹೋಟೆಲಿನಲ್ಲೋ ಗಲ್ಫಿನಲ್ಲೋ ದುಡಿಯುವ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯಿಲ್ಲ. ಅಲ್ಲಿ ಇಬ್ಬರಿಗೂ ಸಾಕ್ಷಿಗಳಿಲ್ಲ. ಅಂಥವರು ಮೊಬೈಲನ್ನು ದಿಂಬಿನ ಹತ್ತಿರ ಇಟ್ಟು ಒಂದೆರಡು ರಾತ್ರಿ ಸದ್ದು ರೆಕಾರ್ಡ್ ಮಾಡಿಕೊಳ್ಳಬಹುದು. ಗೊರಕೆಯ ನಡುವೆ ನಿಶ್ಶಬ್ದ, ಅದರ ಬೆನ್ನಿಗೇ ಏದುಸಿರು ಕೇಳಿದರೆ ಆ ಫೋನನ್ನೇ ವೈದ್ಯರ ಮುಂದೆ ಇಡಿ.

ದಂತ ವೈದ್ಯರು ಮೊದಲು ಬೇಕಾಗುವುದು ಇಲ್ಲಿ. ಕುರ್ಚಿಯಲ್ಲಿ ಒರಗಿಸಿ ಬಾಯಿ ತೆರೆಸಿದಾಗ ಅವರಿಗೆ ಕಾಣುವ ಕೆಲವು ಗುರುತುಗಳಿವೆ. ನಾಲಿಗೆಯ ಎರಡೂ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದು ಅಲೆ ಅಲೆಯಾಗಿರುವುದು, ಅಂದರೆ ನಾಲಿಗೆ ತನಗಿರುವ ಜಾಗಕ್ಕಿಂತ ದೊಡ್ಡದಾಗಿರುವುದು. ರಾತ್ರಿ ಹಲ್ಲು ಕಡಿದು ಕಡಿದು ದವಡೆ ಹಲ್ಲುಗಳ ಮೇಲ್ಮೈ ಚಪ್ಪಟೆಯಾಗಿ ಸವೆದಿರುವುದು. ಬಾಯಿಂದ ಉಸಿರಾಡಿ ಒಣಗಿ ಕೆಂಪಾದ ಒಸಡು. ಉಬ್ಬಿದ ಟಾನ್ಸಿಲ್. ನಾಲಿಗೆ ಹೊರಚಾಚಿ ಎಂದಾಗ ಕಿರುನಾಲಿಗೆಯೂ ಗಂಟಲಿನ ಹಿಂಗೋಡೆಯೂ ಕಾಣಿಸದೆ ಹೋಗುವುದು. ಈ ಕೊನೆಯದನ್ನು ಅಳೆಯುವ ವಿಧಾನವನ್ನು ರೂಪಿಸಿ 1985ರಲ್ಲಿ ಪ್ರಕಟಿಸಿದವರು ಭಾರತ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ. ಶಸ್ತ್ರಚಿಕಿತ್ಸೆಯ ಮೊದಲು ಗಂಟಲಿಗೆ ಕೊಳವೆ ಇಳಿಸುವುದು ಎಷ್ಟು ಕಷ್ಟವಾದೀತೆಂದು ಅಂದಾಜು ಮಾಡಲು ಅದು ಹುಟ್ಟಿದ್ದು. ಈಗ ಜಗತ್ತಿನಾದ್ಯಂತ ನಿದ್ರಾ ವೈದ್ಯರೂ ಅದನ್ನೇ ಬಳಸುತ್ತಾರೆ. ಇವುಗಳಲ್ಲಿ ಯಾವ ಒಂದು ಗುರುತೂ ಕಾಯಿಲೆಯನ್ನು ಸಾಬೀತು ಮಾಡುವುದಿಲ್ಲ. ಆದರೆ ಎರಡು ಮೂರು ಸೇರಿ ಬಂದಾಗ 'ರಾತ್ರಿ ಗೊರಕೆ ಇದೆಯಾ, ಬಿಪಿ ಇದೆಯಾ' ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಅಮೆರಿಕದ ದಂತ ವೈದ್ಯರ ಸಂಘ 2017ರಲ್ಲೇ ಹೀಗೆ ವಿಚಾರಿಸುವುದು ತನ್ನ ಸದಸ್ಯರ ಕೆಲಸವೆಂದು ನೀತಿ ರೂಪಿಸಿತು. ಅದೇ ನೀತಿಯಲ್ಲಿ, ನಿರ್ಣಯ ವೈದ್ಯರದ್ದು ಎಂದೂ ಹೇಳಿತು. ಬಿಪಿ, ಶುಗರ್ ಇಲ್ಲದ ಮಧ್ಯವಯಸ್ಕ ಆರೋಗ್ಯ ಕೇಂದ್ರದ ಕಡೆ ತಲೆ ಹಾಕದೇ ಇರಬಹುದು. ಹಲ್ಲುನೋವು ಮಾತ್ರ ಯಾರನ್ನೂ ಬಿಡದು.

ಅನುಮಾನ ಬಂದ ಮೇಲೆ ಪರೀಕ್ಷೆ. ಟೊರೊಂಟೊದ ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು 2008ರಲ್ಲಿ ರೂಪಿಸಿದ ಎಂಟು ಪ್ರಶ್ನೆಗಳ ಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕೇಳಿಕೊಳ್ಳಬಹುದು: ಜೋರು ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಬಿಪಿ, ಅತಿ ತೂಕ, 50 ದಾಟಿದ ವಯಸ್ಸು, ದಪ್ಪ ಕುತ್ತಿಗೆ, ಗಂಡಸಾಗಿರುವುದು. ಮೂರಕ್ಕೆ ಹೌದು ಎಂದರೆ ಗಮನ ಕೊಡಬೇಕು, ಐದಕ್ಕೆ ಹೌದು ಎಂದರೆ ತಡಮಾಡಬಾರದು. ನಮ್ಮ ಕಡೆಯವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ತಿರುಗಾಟದ ಆರು ತಿಂಗಳು ರಾತ್ರಿಯಿಡೀ ಕುಣಿದು ಬೆಳಗಾದ ಮೇಲೆ ಮಲಗುವ ಯಕ್ಷಗಾನ ಮೇಳದ ಕಲಾವಿದರಿಗೆ, ನಡುರಾತ್ರಿ ಬಲೆ ಎಳೆಯುವ ಬೋಟಿನವರಿಗೆ ಹಗಲು ತೂಕಡಿಕೆ ಬಂದರೆ ಅದು ಬರಿಯ ನಿದ್ದೆಗೇಡು ಇರಬಹುದು. ಎರಡೂ ಇರಬಹುದು. ಪ್ರಶ್ನೆಪಟ್ಟಿಗೆ ಆ ವ್ಯತ್ಯಾಸ ತಿಳಿಯದು. ಅದಕ್ಕೇ ಸ್ಲೀಪ್ ಸ್ಟಡಿ ಬೇಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮೆದುಳಿನ ಅಲೆ, ಉಸಿರು, ಆಮ್ಲಜನಕ, ಹೃದಯ ಎಲ್ಲವನ್ನೂ ದಾಖಲಿಸುವುದು ಪೂರ್ಣ ಪರೀಕ್ಷೆ. ಮೂಗಿಗೊಂದು ನಳಿಕೆ, ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ ಹಾಕಿಕೊಂಡು ಮನೆಯಲ್ಲೇ ಮಲಗುವುದು ಚಿಕ್ಕ ಪರೀಕ್ಷೆ. ಅನುಮಾನ ಬಲವಾಗಿದ್ದು ಹೃದಯದ, ಶ್ವಾಸಕೋಶದ ದೊಡ್ಡ ಕಾಯಿಲೆ ಇಲ್ಲದವರಿಗೆ ಈ ಚಿಕ್ಕ ಪರೀಕ್ಷೆಯೇ ಸಾಕಾಗುತ್ತದೆ. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರ್. ಒಂದು ರಾತ್ರಿಯ ಪರೀಕ್ಷೆಗೆ ಅಷ್ಟು ದೂರ ಹೋಗಿ, ಗುರುತಿಲ್ಲದ ಹಾಸಿಗೆಯಲ್ಲಿ ಮಲಗಿ ಬರುವ ಬದಲು ಮನೆಯಲ್ಲಿ ಮಾಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಹಗಲು ಮಲಗುವವರು ತಮ್ಮ ನಿದ್ದೆಯ ಹೊತ್ತು ಯಾವುದೆಂದು ಮೊದಲೇ ತಿಳಿಸಬೇಕು.

ಕಾಯಿಲೆ ಖಚಿತವಾದ ಮೇಲೆ ಮೊದಲ ಚಿಕಿತ್ಸೆ ಸಿಪ್ಯಾಪ್. ಇದರಲ್ಲಿ ಚೌಕಾಸಿ ಇಲ್ಲ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ವರದಿ ಮಾಡಿದ ಈ ಯಂತ್ರ ಮೂಗಿನ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ಕಳಿಸಿ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ. ಹಾಕಿಕೊಂಡಷ್ಟು ಹೊತ್ತು ಉಸಿರುಕಟ್ಟನ್ನು ಬಹುತೇಕ ಅಳಿಸಿಬಿಡುತ್ತದೆ. ಇಷ್ಟು ಚೆನ್ನಾಗಿ ಮಾಡುವ ಬೇರೆ ಸಾಧನವಿಲ್ಲ. ತೊಡಕು ಇರುವುದು 'ಹಾಕಿಕೊಂಡಷ್ಟು ಹೊತ್ತು' ಎಂಬಲ್ಲಿ. ಭಾರತವೂ ಸೇರಿ ಏಳು ದೇಶಗಳಲ್ಲಿ 2,700ಕ್ಕೂ ಹೆಚ್ಚು ಹೃದ್ರೋಗ, ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ ರೋಗಿಗಳು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅವರ ತೂಕಡಿಕೆ ತಗ್ಗಿತು, ಮನಸ್ಸು ಹಗುರವಾಯಿತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಕಡಿಮೆಯಾಗಲಿಲ್ಲ. ಯಂತ್ರವೇ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಬಳಸಿದ ಹೊತ್ತು ಸಾಲಲಿಲ್ಲ ಎಂಬ ಓದು ನನಗೆ ಹೆಚ್ಚು ಸರಿಯೆನಿಸುತ್ತದೆ. ನಡುರಾತ್ರಿ ಮುಖವಾಡ ಕಿತ್ತಿಟ್ಟು ಮಲಗುವವನಿಗೆ ಇನ್ನೊಂದು ನಷ್ಟವೂ ಇದೆ. ಕನಸು ಬೀಳುವ ನಿದ್ದೆ ಬೆಳಗಿನ ಜಾವದಲ್ಲೇ ಹೆಚ್ಚು, ಆಗ ಸ್ನಾಯುಗಳು ತೀರಾ ಸಡಿಲ, ಉಸಿರುಕಟ್ಟು ಆಗಲೇ ಜಾಸ್ತಿ. ಅಂದರೆ ಅವನು ರಕ್ಷಣೆಯನ್ನು ತೆಗೆದಿಡುವುದು ಅದು ಹೆಚ್ಚು ಬೇಕಾದ ಹೊತ್ತಿಗೆ. ಜೂನ್, ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವ ಕೊಲ್ಲೂರು, ಜಡ್ಕಲ್, ಅಮಾಸೆಬೈಲು ಕಡೆಯ ಮನೆಗಳಲ್ಲಿ, ದಿನಗಟ್ಟಲೆ ಕಡಲಲ್ಲೇ ಇರುವ ಮಲ್ಪೆ, ಗಂಗೊಳ್ಳಿಯ ಬೋಟುಗಳಲ್ಲಿ, ಯಕ್ಷಗಾನದ ಚೌಕಿಯ ಮೂಲೆಯಲ್ಲಿ ಪೆಟ್ಟಿಗೆಗೆ ತಲೆಯಿಟ್ಟು ಮಲಗುವವರಿಗೆ ಈ ಯಂತ್ರ ಎಷ್ಟು ಒದಗೀತು?

ಇಲ್ಲಿಗೆ ದಂತ ವೈದ್ಯರ ಎರಡನೇ ಕೆಲಸ ಬರುತ್ತದೆ: ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯ ಸಾಧನ. ಉಪಾಯ ಹಳೆಯದು. ಪ್ಯಾರಿಸ್ಸಿನ ದಂತತಜ್ಞ ಪಿಯರ್ ರೋಬಿನ್ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಗಿಡ್ಡ ದವಡೆಯ ಮಕ್ಕಳ ನಾಲಿಗೆ ಹಿಂದೆ ಜಾರಿ ಉಸಿರು ಕಟ್ಟುವುದನ್ನು ವಿವರಿಸಿ, ದವಡೆಯನ್ನು ಮುಂದೆ ತರುವ ಸಾಧನ ಮಾಡಿದ್ದರು. ಈಗಿನ ಸಾಧನ ಮೇಲ್ದವಡೆಗೊಂದು ಕೆಳದವಡೆಗೊಂದು ಹೀಗೆ ಎರಡು ತೆಳು ಅಕ್ರಿಲಿಕ್ ತಟ್ಟೆ. ಎರಡನ್ನೂ ಜೋಡಿಸುವ ಪುಟ್ಟ ತಿರುಪು ಅಥವಾ ಪಟ್ಟಿ. ಸೆಟ್ ಹಲ್ಲಿಗೆ ತೆಗೆಯುವಂತೆಯೇ ಎರಡೂ ದವಡೆಯ ಅಳತೆ ತೆಗೆಯುತ್ತಾರೆ. ಅನಂತರ ಕೆಳದವಡೆಯನ್ನು ಎಷ್ಟು ಮುಂದೆ ಚಾಚಬಲ್ಲಿರಿ ಎಂದು ಅಳತೆಕೋಲಿನಲ್ಲಿ ನೋಡಿ, ಅದರ ಅರ್ಧದಿಂದ ಮುಕ್ಕಾಲಿನವರೆಗಿನ ಒಂದು ಜಾಗದಲ್ಲಿ ಹಲ್ಲಿನ ಕಚ್ಚು ಗುರುತು ಮಾಡಿಕೊಂಡು ಸಾಧನ ತಯಾರಿಸುತ್ತಾರೆ. ದವಡೆ ಮುಂದೆ ಬಂದರೆ ಅದಕ್ಕೆ ಅಂಟಿಕೊಂಡ ನಾಲಿಗೆಯ ಬುಡವೂ ಬರುತ್ತದೆ, ಗಂಟಲಿನ ಪಕ್ಕದ ಗೋಡೆಗಳು ಬಿಗಿಯಾಗಿ ದಾರಿ ಅಗಲವಾಗುತ್ತದೆ. ಮೊದಲ ದಿನವೇ ಪೂರ್ತಿ ಮುಂದೂಡುವುದಿಲ್ಲ. ವಾರಗಳ ಕಾಲ, ಮಿಲಿಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ, ಕೀಲಿಯಿಂದ ತಿರುಪು ತಿರುಗಿಸುತ್ತ ಗೊರಕೆ ನಿಲ್ಲುವ, ದವಡೆ ನೋಯದ ಜಾಗ ಹುಡುಕಬೇಕು. ಸಾಧನಕ್ಕಿಂತ ಈ ಹುಡುಕಾಟವೇ ಚಿಕಿತ್ಸೆ. ಕೊನೆಗೆ ಸಾಧನ ಹಾಕಿಕೊಂಡೇ ಇನ್ನೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಬೇಕು. ಗೊರಕೆ ನಿಂತಿತೆಂದ ಮಾತ್ರಕ್ಕೆ ಉಸಿರುಕಟ್ಟು ನಿಂತಿತೆಂದು ಅರ್ಥವಲ್ಲ.

ಸಿಪ್ಯಾಪ್ ಇಷ್ಟು ಬಲಶಾಲಿ ಎಂದ ಮೇಲೆ ದುರ್ಬಲ ಸಾಧನದ ಮಾತೇಕೆ ಎಂಬುದು ತೂಕವುಳ್ಳ ಆಕ್ಷೇಪ. ಇದಕ್ಕೆ ನೇರ ಉತ್ತರ ಕೊಟ್ಟದ್ದು 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ. ಬಹುಪಾಲು ಮಧ್ಯಮ, ತೀವ್ರ ಹಂತದವರೇ ಇದ್ದ ನೂರಕ್ಕೂ ಹೆಚ್ಚು ರೋಗಿಗಳು ಒಂದು ತಿಂಗಳು ಯಂತ್ರ, ಒಂದು ತಿಂಗಳು ಬಾಯಿಯ ಸಾಧನ ಬಳಸಿದರು. ಉಸಿರುಕಟ್ಟಿನ ಎಣಿಕೆ ಯಂತ್ರದಲ್ಲಿ ಗಂಟೆಗೆ ಸುಮಾರು 4.5ಕ್ಕೆ, ಸಾಧನದಲ್ಲಿ 11ಕ್ಕೆ ಇಳಿಯಿತು. ಆದರೆ ರೋಗಿಗಳೇ ಹೇಳಿದಂತೆ ಯಂತ್ರವನ್ನು ಅವರು ರಾತ್ರಿಗೆ 5.2 ಗಂಟೆ, ಸಾಧನವನ್ನು 6.5 ಗಂಟೆ ಬಳಸಿದ್ದರು. ಬಿಪಿಯಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ, ತೂಕಡಿಕೆಯಲ್ಲೂ ಕಾಣಲಿಲ್ಲ. ಏಕೆ ಹೀಗೆ ಎಂಬುದಕ್ಕೆ ಒಂದು ಊಹೆಯ ಲೆಕ್ಕ ಮಾಡಿನೋಡಿ. ಗಂಟೆಗೆ 30 ಸಲ ಉಸಿರು ಕಟ್ಟುವವನು ಎಂಟು ಗಂಟೆ ಮಲಗಿದರೆ 240 ಸಲ. ಯಂತ್ರ ಅದನ್ನು ಗಂಟೆಗೆ 3ಕ್ಕೆ ಇಳಿಸಿತು, ಆದರೆ ಅವನು ನಾಲ್ಕೇ ಗಂಟೆ ಹಾಕಿಕೊಂಡ ಎಂದರೆ 12 ಮತ್ತು 120 ಸೇರಿ 132. ಬಾಯಿಯ ಸಾಧನ ಅರ್ಧಕ್ಕೆ ಮಾತ್ರ ಇಳಿಸಿತು, ಆದರೆ ಏಳು ಗಂಟೆ ಬಾಯಲ್ಲಿತ್ತು ಎಂದರೆ 105 ಮತ್ತು 30 ಸೇರಿ 135. ಹೆಚ್ಚುಕಡಿಮೆ ಸಮ. ರಾತ್ರಿಯಿಡೀ ಯಂತ್ರ ಹಾಕಿಕೊಳ್ಳಬಲ್ಲವನಿಗೆ ಈ ಲೆಕ್ಕದಿಂದ ಏನೂ ಆಗಬೇಕಾದ್ದಿಲ್ಲ. ಅವನು ಯಂತ್ರವನ್ನೇ ಮುಂದುವರಿಸಲಿ. ಹಾಕಿಕೊಳ್ಳಲಾಗದೆ ಅಟ್ಟಕ್ಕೆ ಸೇರಿಸಿದವನಿಗೆ ಮಾತ್ರ ಇದು ಬೇಕು. ಅಮೆರಿಕದ ನಿದ್ರಾ ವೈದ್ಯರ ಮತ್ತು ದಂತ ವೈದ್ಯರ ಸಂಘಟನೆಗಳು 2015ರ ಮಾರ್ಗದರ್ಶಿಯಲ್ಲಿ, ಭಾರತೀಯ ತಜ್ಞರು 2014ರಲ್ಲಿ ಸೇರಿ ರೂಪಿಸಿದ ಮಾರ್ಗದರ್ಶಿಯಲ್ಲಿ ಹೇಳಿರುವುದೂ ಹೆಚ್ಚುಕಡಿಮೆ ಇದನ್ನೇ: ಯಂತ್ರ ಒಗ್ಗದವರಿಗೆ ಅಥವಾ ಬೇಡವೆನ್ನುವವರಿಗೆ, ಮುಖ್ಯವಾಗಿ ಸೌಮ್ಯ ಮತ್ತು ಮಧ್ಯಮ ಹಂತದಲ್ಲಿ, ಬಾಯಿಯ ಸಾಧನ ಕೊಡಬಹುದು.

ಎಲ್ಲರಿಗೂ ಫಲ ಕೊಡುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಒಟ್ಟಾರೆ ಅಂದಾಜಿನಲ್ಲಿ ಮೂವರಲ್ಲಿ ಒಬ್ಬನಿಗೆ ಕಾಯಿಲೆ ಪೂರ್ತಿ ಹತೋಟಿಗೆ ಬರುತ್ತದೆ, ಇನ್ನೊಬ್ಬನಿಗೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ, ಮೂರನೆಯವನಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಆ ಮೂರನೆಯವನು ಯಾರೆಂದು ಮೊದಲೇ ಹೇಳುವುದು ಕಷ್ಟ. ಸಾಧನ ಕೂರಲಾರದವರು ಯಾರೆಂದು ಮಾತ್ರ ಹೇಳಬಹುದು. ಹಿಡಿತಕ್ಕೆ ಪ್ರತಿ ದವಡೆಯಲ್ಲಿ ಎಂಟು ಹತ್ತಾದರೂ ಗಟ್ಟಿ ಹಲ್ಲು ಬೇಕು. ಒಸಡಿನ ರೋಗದಿಂದ ಅಲ್ಲಾಡುವ ಹಲ್ಲು ಈ ಎಳೆತ ತಾಳದು. ಹಲ್ಲೆಲ್ಲ ಹೋಗಿ ಸೆಟ್ ಹಾಕಿದ ಹಿರಿಯರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ನಮ್ಮ ಕಡೆಗೆ ಹೆಚ್ಚು ಸಲ್ಲುವ ಮಾತು ಅಡಿಕೆಯದು. ವರ್ಷಗಟ್ಟಲೆ ಎಲೆ-ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಅಂಥ ಬಾಯಿಗೆ ಅಳತೆಯ ತಟ್ಟೆಯೇ ಹೋಗುವುದಿಲ್ಲ. ಆ ನಾರುಗಟ್ಟುವಿಕೆ ಕ್ಯಾನ್ಸರಿಗೂ ದಾರಿಯಾಗಬಲ್ಲದ್ದರಿಂದ ಅವರು ಮೊದಲು ತೋರಿಸಬೇಕಾದದ್ದು ಅದನ್ನು. ಮೂಗು ಕಟ್ಟಿದವರಿಗೆ, ಮಳೆಗಾಲದ ಬೂಷ್ಟಿನಿಂದ ಶೀತ ಬಿಡದವರಿಗೆ ಮೊದಲು ಇಎನ್‌ಟಿ ಚಿಕಿತ್ಸೆಯಾಗಬೇಕು, ಇಲ್ಲವಾದರೆ ಬಾಯಿ ಮುಚ್ಚಿ ಮಲಗುವುದೇ ಕಷ್ಟ. ದವಡೆಯ ಕೀಲು ನೋವಿದ್ದರೆ ತಡೆದು ನೋಡಬೇಕು. ಇನ್ನು ಮೆದುಳೇ ಉಸಿರಾಟದ ಸೂಚನೆ ಕಳಿಸದ ಬೇರೆ ಬಗೆಯ ಅಪ್ನಿಯಾ ಇದೆ. ಹೃದಯ ಸೋತವರಲ್ಲಿ ಕಾಣುವ ಅದಕ್ಕೆ ದವಡೆ ಎಳೆದು ಪ್ರಯೋಜನವಿಲ್ಲ. ಸ್ಲೀಪ್ ಸ್ಟಡಿ ಇಲ್ಲದೆ ಸಾಧನ ಮಾಡಿಸಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಅಡ್ಡಪರಿಣಾಮಗಳೂ ಇವೆ. ಮೊದಲ ವಾರಗಳಲ್ಲಿ ಜೊಲ್ಲು ಸುರಿಯುವುದು ಅಥವಾ ಬಾಯಿ ಒಣಗುವುದು, ಬೆಳಿಗ್ಗೆ ದವಡೆ ಬಿಗಿಯುವುದು, ಹಲ್ಲು ಸರಿಯಾಗಿ ಕೂರುತ್ತಿಲ್ಲ ಎನಿಸುವುದು ಸಾಮಾನ್ಯ. ಎದ್ದ ಮೇಲೆ ಸ್ವಲ್ಪ ಹೊತ್ತು ಮಾಡುವ ಕಚ್ಚುವ ವ್ಯಾಯಾಮದಿಂದ ತಗ್ಗುತ್ತದೆ. ವರ್ಷಗಳ ಬಳಕೆಯಲ್ಲಿ ಮೇಲಿನ ಮುಂದಿನ ಹಲ್ಲು ಒಳಕ್ಕೂ ಕೆಳಗಿನವು ಹೊರಕ್ಕೂ ತುಸು ಸರಿದು ಕಚ್ಚು ಬದಲಾಗುತ್ತದೆ, ಇದು ಹಿಂದೆ ಬರುವಂಥದ್ದಲ್ಲ. ಕಟ್ಟುತ್ತಿರುವ ಉಸಿರಿನೆದುರು ಇದು ಸಣ್ಣ ಬೆಲೆ ಎಂದು ನನ್ನ ಎಣಿಕೆ. ಆದರೆ ಬೆಲೆ ಇದೆಯೆಂದು ರೋಗಿಗೆ ಮೊದಲೇ ತಿಳಿದಿರಬೇಕು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸುತ್ತಿರಬೇಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಬಿಸಿನೀರಿಗೆ ಹಾಕಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಸಾಧನದಿಂದ ಈ ಕೆಲಸ ಆಗದೇ ಎಂದು ಕೇಳುವವರಿದ್ದಾರೆ. ಅದು ರಾತ್ರಿ ಕಳಚಿ ಬೀಳುತ್ತದೆ, ಬೇಕಾದಷ್ಟೇ ಮುಂದೂಡುವ ವ್ಯವಸ್ಥೆ ಅದರಲ್ಲಿಲ್ಲ. ಹೆಚ್ಚಿನ ಅಪಾಯವೆಂದರೆ ಸದ್ದನ್ನು ಅಡಗಿಸಿ ಕಾಯಿಲೆಯನ್ನು ಉಳಿಸುತ್ತದೆ. ಸದ್ದಿಲ್ಲದ ರೋಗಿಯನ್ನು ಯಾರೂ ಆಸ್ಪತ್ರೆಗೆ ಕಳಿಸುವುದಿಲ್ಲ.

ನಮ್ಮೂರಿನ ಹಲ್ಲಿನ ಡಾಕ್ಟರಿಗೆ ಇದೆಲ್ಲ ಗೊತ್ತೇ ಎಂಬ ಸಂದೇಹವೂ ಅಸಮಂಜಸವಲ್ಲ. ನಿದ್ರೆಯ ದಂತ ಚಿಕಿತ್ಸೆ ಸಾಮಾನ್ಯ ಬಿಡಿಎಸ್ ಓದಿನಲ್ಲಿ ವಿಸ್ತಾರವಾಗಿ ಬರುವ ವಿಷಯವಲ್ಲ. ಎಲ್ಲ ಕ್ಲಿನಿಕ್ಕುಗಳಲ್ಲೂ ಇದನ್ನು ಮಾಡಬೇಕೆಂದೂ ಇಲ್ಲ. ಆದರೆ ಕರಾವಳಿಯ ಅದೃಷ್ಟಕ್ಕೆ ದಂತ ವಿದ್ಯೆಗೆ ಇಲ್ಲಿ ಬರವಿಲ್ಲ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ, ಬ್ರಹ್ಮಾವರದಿಂದ ಅದು ಅರ್ಧ ಗಂಟೆಯ ದಾರಿ, ದೇರಳಕಟ್ಟೆಯ ಎ.ಬಿ. ಶೆಟ್ಟಿ ಸ್ಮಾರಕ ದಂತ ಸಂಸ್ಥೆಯೂ ಇದೆ. ಇಂಥ ಕಾಲೇಜುಗಳ ಹಲ್ಲು ಕಟ್ಟುವ, ಹಲ್ಲು ನೇರ ಮಾಡುವ ವಿಭಾಗಗಳಲ್ಲಿ ವಿಚಾರಿಸುವುದು ಸರಿಯಾದ ಮೊದಲ ಹೆಜ್ಜೆ. ಊರಿನ ದಂತ ವೈದ್ಯರು ಅನುಮಾನಿಸಿ ಚೀಟಿ ಬರೆದುಕೊಟ್ಟು, ಒಗ್ಗಿಸುವ ಹಂತದ ಸಣ್ಣಪುಟ್ಟ ತಿದ್ದುಪಡಿಗಳನ್ನು ಇಲ್ಲೇ ಮಾಡಿಕೊಟ್ಟರೆ ಬೈಂದೂರಿನವರು ಪ್ರತಿ ಸಲ ಬಸ್ಸು ಹತ್ತಬೇಕಾಗಿಲ್ಲ. ಸಮಯದ ವಿಷಯದಲ್ಲೂ ಒಂದು ಅನುಕೂಲವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ತಿರುಗಾಟ ಮುಗಿಯುವ ಪತ್ತನಾಜೆಯ ನಂತರ ಮೇಳಗಳೂ ಗೆಜ್ಜೆ ಬಿಚ್ಚಿರುತ್ತವೆ. ಅಳತೆ ಕೊಡಲು, ತಿರುಪು ತಿರುಗಿಸುತ್ತ ಒಗ್ಗಿಸಿಕೊಳ್ಳಲು, ಮರುಪರೀಕ್ಷೆ ಮಾಡಿಸಲು ಬೇಕಾಗುವ ಎರಡು ಮೂರು ತಿಂಗಳು ಈ ಎರಡೂ ಕಸುಬಿನವರಿಗೆ ಮಳೆಗಾಲದಲ್ಲಿ ತಾನಾಗಿ ಸಿಗುತ್ತದೆ. ಆಮೇಲೆ ಆ ಸಾಧನ ಅಂಗಿಯ ಜೇಬಿನಲ್ಲಿ ಡಬ್ಬಿಯೊಳಗೆ ಕಡಲಿಗೂ ಹೋಗುತ್ತದೆ, ಚೌಕಿಗೂ ಹೋಗುತ್ತದೆ. ಕರೆಂಟ್ ಬೇಡ. ಬ್ರಶ್ಶಿನಿಂದ ತಣ್ಣೀರಲ್ಲಿ ತೊಳೆದರೆ ಸಾಕು. ಬಿಸಿನೀರು ತಾಗಿಸಿದರೆ ಆಕಾರ ಕೆಡುತ್ತದೆ.

ಮಕ್ಕಳದು ಬೇರೆಯೇ ವಿಷಯ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಹಗಲಲ್ಲಿ ತೂಕಡಿಸುವ ಬದಲು ವಿಪರೀತ ಚಡಪಡಿಸುವ ಮಗುವಿಗೆ ಹೆಚ್ಚಾಗಿ ಕಾರಣ ಅಡಿನಾಯ್ಡ್, ಟಾನ್ಸಿಲ್. ಮೊದಲು ಇಎನ್‌ಟಿ ವೈದ್ಯರು ನೋಡಬೇಕು. ಅಂಗುಳ ತೀರಾ ಕಿರಿದಾಗಿದ್ದರೆ ಮೂಳೆ ಬೆಳೆಯುವ ವಯಸ್ಸಿನಲ್ಲಿ ದಂತತಜ್ಞರು ಅದನ್ನು ನಿಧಾನ ಅಗಲಿಸಬಲ್ಲರು. ದೊಡ್ಡವರಲ್ಲಿ ಏನೂ ಫಲಿಸದಿದ್ದರೆ ಎರಡೂ ದವಡೆಯನ್ನು ಕೊಯ್ದು ಮುಂದೆ ತಂದು ಕೂರಿಸುವ ಶಸ್ತ್ರಚಿಕಿತ್ಸೆಯಿದೆ, ಆಯ್ದ ರೋಗಿಗಳಲ್ಲಿ ಅದರ ಯಶಸ್ಸು ಚೆನ್ನಾಗಿದೆ; ದೊಡ್ಡ ಆಪರೇಷನ್ ಆದ್ದರಿಂದ ಕೊನೆಯ ಮಾತಾಗಿ ಇಟ್ಟುಕೊಳ್ಳಬೇಕು. ತೂಕ ಇಳಿಸುವುದು, ಮಲಗುವ ಮೊದಲಿನ ಕುಡಿತ ಬಿಡುವುದು, ಮಗ್ಗುಲಾಗಿ ಮಲಗುವುದು ಇವು ಯಾವ ಚಿಕಿತ್ಸೆ ತೆಗೆದುಕೊಂಡರೂ ಬೇಕು. ತೂಕ ಇಳಿಸಿದರೆ ಸಾಲದೇ ಎನ್ನುವವರಿಗೆ: ಕೆಲವರಿಗೆ ಸಾಕು. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು, ಅಷ್ಟರವರೆಗೆ ಉಸಿರು ಪ್ರತಿ ರಾತ್ರಿ ಕಟ್ಟುತ್ತಲೇ ಇರುತ್ತದೆ.

ಆದ್ದರಿಂದ ಮುಂದಿನ ಸಲ ಹಲ್ಲು ತೋರಿಸಲು ಹೋದಾಗ ಗೊರಕೆಯ ಮಾತನ್ನೂ ಎತ್ತಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಸ್ಲೀಪ್ ಸ್ಟಡಿಯ ವರದಿ ಎಲ್ಲಿ ಎಂದು ಕೇಳುವ ದಂತ ವೈದ್ಯರಲ್ಲಿ ಸಾಧನ ಮಾಡಿಸಿ. ವರದಿ ನೋಡದೆ ಅಳತೆ ತೆಗೆಯಲು ಕೂರಿಸುವವರಿದ್ದರೆ ಕುರ್ಚಿಯಿಂದ ಎದ್ದು ಬನ್ನಿ.